ಹಳೆಯ ರಕ್ತಕ್ಕೆ ಒಂದು ಚಮಚ ಡಿಕಾಕ್ಷನ್

ಸಾಲಗಾಮೆ ರಸ್ತೆಯಲ್ಲಿ ನನ್ನದೊಂದು ಪಾರ್ಲರು.
ಲಗ್ನದ ತಿಂಗಳಲ್ಲಿ ಬೆಳಗಿನ ಮೂರಕ್ಕೇ ದೀಪ.
ಮದುವಣಗಿತ್ತಿಯರ ಮೊಡವೆ, ನಿದ್ದೆಗೆಟ್ಟ ಕಣ್ಣಡಿಯ ಕಪ್ಪು,
ಒಮ್ಮೊಮ್ಮೆ ಕೆನ್ನೆಯ ಮೇಲೆ ಯಾರದೋ ಬೆರಳು,
ಎಲ್ಲ ಮುಚ್ಚಿ ಕಳಿಸಿದ್ದೇನೆ ಛತ್ರಕ್ಕೆ.

ಆಷಾಢದಲ್ಲಿ ಕೈ ಖಾಲಿ.
ಆಗ ಬಂತು ಫೋನು:
ಆಂಬುಲೆನ್ಸ್ ಹುಡುಗರಿಗೆ ತರಬೇತಿಯಂತೆ,
ಗಾಯ ಬರೆಯಬೇಕಂತೆ, ತಲೆಗೆ ಇನ್ನೂರು ರೂಪಾಯಿ.

ಕಲಿತೆ.
ಮೈದಾ, ವ್ಯಾಸಲೀನು ನಾದಿದರೆ ಚರ್ಮ;
ಚಮಚದ ಹಿಡಿಯಲ್ಲಿ ಸೀಳಿದರೆ ಬಾಯಿ ಬಿಡುತ್ತದೆ.
ಗಂಜಿಗೆ ಕೆಂಪು ಬೆರೆಸಿದೆ. ಥೇಟು ಐಸ್‌ಕ್ಯಾಂಡಿ.
ಬೆಳಗಿನದು ಉಳಿದಿತ್ತಲ್ಲ, ಒಂದು ಚಮಚ ಡಿಕಾಕ್ಷನ್ ಬಿಟ್ಟೆ.
ನನ್ನ ಪಾತ್ರೆಯಿಂದ ನಾನೇ
ಒಂದು ಹೆಜ್ಜೆ ಹಿಂದೆ ಸರಿದೆ.

ಆಸ್ಪತ್ರೆಯ ಹಿಂದಿನ ಬಯಲು, ಡಿಪೋದ ಗುಜರಿ ಬಸ್ಸು.
‘ಶಿರಾಡಿ ಇಳಿಜಾರಲ್ಲಿ ಉರುಳಿದೆ ಅಂದ್ಕೊಳ್ಳಿ’ ಅಂದರು ಡಾಕ್ಟರು.
ಕಾಲೇಜಿನ ಮಕ್ಕಳು ಸಾಯಲಿಕ್ಕೆ ಸಾಲು ನಿಂತರು.
ಹೊಟ್ಟೆ ಬಗೆದುಕೊಂಡವಳೊಬ್ಬಳು ಫೋಟೋ ತೆಗೆದು
ಅಮ್ಮನಿಗೆ ಕಳಿಸಿದಳು ತಮಾಷೆಗೆ;
ಅಮ್ಮ ಆಟೋ ಹತ್ತಿ, ಕೈಯಲ್ಲಿ ಸೌಟು ಹಿಡಿದೇ,
ಅಳುತ್ತ ಬಂದುಬಿಟ್ಟರು.

ಕೊನೆಗೆ ಬಂದವರು ದೋಣಿಗಾಲಿನ ಹುಸೇನಬ್ಬ.
ಲುಂಗಿ ಸರಿಸಿ ಮೋಟುಗಾಲು ನನ್ನ ಮಡಿಲಲ್ಲಿಟ್ಟು
‘ಇದಕ್ಕೆ ಮೈದಾ ಜಾಸ್ತಿ ಖರ್ಚಾಗಲ್ಲಮ್ಮ’ ಅಂತ ನಕ್ಕರು.
ದಿಮ್ಮಿ ಜಾರಿದ್ದು ಹದಿನೆಂಟು ವರ್ಷದ ಕೆಳಗೆ.
ಈಗ ನಯಸ್ಸಾದ ಚರ್ಮ,
ಇಸ್ತ್ರಿ ಮಾಡಿ ಮಡಿಸಿಟ್ಟ ಕರವಸ್ತ್ರ.
ವಾಸಿಯಾದದ್ದನ್ನು ಬಿಚ್ಚಲು ಬ್ರಷ್ಷು ನಡುಗಿತು.
ಅವರೇ ದಾರಿ ತೋರಿದರು:
ಇಲ್ಲಿ ಬಿಳಿ ಕಾಣ್ತಿತ್ತು. ಇಲ್ಲಿ ತೊಗಟೆ ಚೂರು, ಮಣ್ಣು.
ಇಷ್ಟು ಕೆಂಪು ಬೇಡ,
ಜನ ಬರೋ ಹೊತ್ತಿಗೆ ಕಪ್ಪಾಗಿತ್ತು.

ಇನ್ನರ್ಧ ಚಮಚ ಡಿಕಾಕ್ಷನ್.

ಸೀಟಿ ಊದಿತು. ಎಲ್ಲರೂ ಚೀರಿದರು,
ಕೆಲವರು ಚೆನ್ನಾಗಿಯೇ.
ಹುಸೇನಬ್ಬ ಚೀರಲಿಲ್ಲ.
ಆಲೂರಿನ ಹುಡುಗ ತೀರ್ಥಕುಮಾರ
ಅವರನ್ನು ದಾಟಿ ಓಡಿದ, ಗದ್ದಲವಿದ್ದ ಕಡೆ.
‘ಲೋ, ಕೂಗೋನಿಗೆ ಉಸಿರಿದೆ!
ಸುಮ್ಮನಿರೋರನ್ನ ಮೊದಲು ನೋಡು!’

ತಿರುಗಿದ. ಮಂಡಿಯೂರಿದ. ಪಟ್ಟಿ ಬಿಗಿದ.
ಹಣೆಯ ಮೇಲೆ ಸ್ಕೆಚ್ ಪೆನ್ನಲ್ಲಿ ಹೊತ್ತು ಬರೆದ: ೧೧.೪೨.
ಆಮೇಲೆ, ಪುಸ್ತಕದಲ್ಲಿ ಹೇಳಿದ ಹಾಗೆ,
ಹೆಸರು ಕೇಳಿದ. ಎಲ್ಲಿ ನೋಯ್ತಿದೆ ಅಣ್ಣಾ ಅಂದ.

ಹುಸೇನಬ್ಬ ಕೈ ಚಾಚಿ ತೋರಿಸಿದರು,
ಮೊಣಕಾಲಿನಿಂದ ಒಂದು ಮೊಳ ಕೆಳಗೆ,
ಹುಲ್ಲು ಮಾತ್ರ ಇದ್ದ ಜಾಗ:
‘ಹೆಬ್ಬೆರಳು ಮಗಾ. ಇವತ್ತಿಗೂ.’
ಹುಡುಗ ಡಾಕ್ಟರ ಮುಖ ನೋಡಿದ.
ಡಾಕ್ಟರು ಗಡಿಯಾರ ನೋಡಿಕೊಂಡರು.
ಹುಡುಗನ ಕೈ ತಾನಾಗಿ ಹೋಗಿ
ಆ ಹುಲ್ಲನ್ನು ಮೆಲ್ಲಗೆ ಒತ್ತಿತು.

ಕೊಬ್ಬರಿ ಎಣ್ಣೆ, ಹತ್ತಿ. ಬಣ್ಣ ಬಿಡಿಸಿದೆ.
ಹಣೆಯ ೧೧.೪೨ ಅಳಿಸಗೊಡಲಿಲ್ಲ ಹುಸೇನಬ್ಬ,
ಮನೇಲಿ ತೋರಿಸ್ತೀನಿ ಅಂತ
ಬಸ್ ಸ್ಟ್ಯಾಂಡಿಗೆ ಹೊರಟರು ಊರುಗೋಲು ಊರಿಕೊಂಡು.

ಶ್ರಾವಣ ಬಂತು. ಮೂರು ಗಂಟೆಗೆ ದೀಪ.
ಮೊದಲ ಮದುವಣಗಿತ್ತಿ ಕುರ್ಚಿಯಲ್ಲಿ ಕೂತಳು,
ಎಡಗೆನ್ನೆಯಲ್ಲಿ ನಾಲ್ಕು ಬೆರಳು.
ಜೊತೆಗೆ ಬಂದವರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು,
ಸೆರಗು, ಮಲ್ಲಿಗೆ, ಮುಹೂರ್ತ.
ಅವಳು ಸುಮ್ಮನಿದ್ದಳು.

ಸ್ಪಂಜು ಕೆಳಗಿಟ್ಟೆ.