ಬೆಕ್ಕಿನ ಪಾಲು

ಮತೋಸಿನ್ಯೋಸ್ ಮೀನುಪೇಟೆ ಮುಚ್ಚುವ ಹೊತ್ತು.
ಐಸು ಕರಗಿ ಕಲ್ಲುಹಾಸಿನ ಮೇಲೆ ಹರಿಯುತ್ತದೆ.
ಬೇಗ ಹೋದರೆ ಬೆಲೆ, ತಡವಾದರೆ ಬರಿ ಬುಟ್ಟಿ;
ನಡುವಿನ ಹತ್ತು ನಿಮಿಷ ನನ್ನದು.

"ತಲೆ ಇದೆಯಾ, ಝುಲ್ಮೀರಾ? ಬೆಕ್ಕಿಗೆ."

ಬೆಕ್ಕಿತ್ತು, ನಿಜ. ಫರೂಸ್ಕ, ಮಸಿ ಬಣ್ಣದ್ದು, ಒಂದು ಕಿವಿ ಹರಿದಿತ್ತು.
ಅದು ಸತ್ತ ವಾರವೂ ಹೋಗಿ ನಿಂತೆ.
ಬಾಯಿ ತನ್ನಷ್ಟಕ್ಕೆ ಅಂದುಬಿಟ್ಟಿತು: ಬೆಕ್ಕಿಗೆ.
ಅದಾಗಿ ಒಂಬತ್ತು ವರ್ಷ.

ಕಿವಿರು ಕಿತ್ತು ತೊಳೆಯುತ್ತೇನೆ.
ಈರುಳ್ಳಿಯ ಹೊರಪದರ, ಲೀಕಿನ ಹಸಿರು ತುದಿ,
ಇಪ್ಪತ್ತೇ ನಿಮಿಷ, ಹೆಚ್ಚು ಕುದಿಸಿದರೆ ಕಹಿ.
ಕೆನ್ನೆಯೊಳಗೆ ಎರಡು ಬಿಳಿ ತುಣುಕು ಅಡಗಿರುತ್ತವೆ,
ದುಡ್ಡು ಕೊಟ್ಟು ನಡುತುಂಡು ಕೊಳ್ಳುವವರಿಗೆ
ಆ ರುಚಿ ಗೊತ್ತಿಲ್ಲ, ಪಾಪ.
ಮೂರು ದಿನದ ಬ್ರೆಡ್ಡು, ಕಲ್ಲಿನಂಥದ್ದು,
ಸಾರಿಗೆ ಬಿದ್ದು ಮೆತ್ತಗಾಗುತ್ತದೆ,
ಬೆಳಿಗ್ಗೆ ಸೆಟೆದು ಹೋದ ಗಂಡ
ಸಂಜೆ ಬಂದು ಕೂತ ಹಾಗೆ.
ಮೇಲೊಂದು ಮೊಟ್ಟೆ. ಇದ್ದರೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ
ಜಗತ್ತಿಗೆ ಕಾಣುವುದಿಲ್ಲವೇ ಅನ್ನುತ್ತಾರೆ.
ಕಾಣುವುದಿಲ್ಲ ಅಂತಲೇ ನಾನೂ ಕುಡಿದೆ.

ಮೊನ್ನೆ ಪೊಟ್ಟಣ ತುಸು ಭಾರ.
ಬಿಚ್ಚಿದರೆ ಎರಡು ತಲೆಗಳ ನಡುವೆ
ಅಂಗೈ ಅಗಲದ ಒಂದು ತುಂಡು ಪೆಸ್ಕಾಡ ಮೀನು,
ಅರ್ಧ ನಿಂಬೆ,
ದಾರ ಸುತ್ತಿದ ಒಂದು ಹಿಡಿ ಕೊತ್ತಂಬರಿ.

ಯಾವ ಬೆಕ್ಕು ಕೊತ್ತಂಬರಿ ತಿನ್ನುತ್ತದೆ, ಝುಲ್ಮೀರಾ?

ಕೇಳಲಿಲ್ಲ.
ಶನಿವಾರ ಮತ್ತೆ ಹೋದೆ, ಅದೇ ಹೊತ್ತಿಗೆ.
ಚಾಕು ಒರೆಸುತ್ತ, ತಲೆಯೆತ್ತದೆ ಅಂದಳು:
"ಹೇಗಿದೆ ನಿಮ್ಮ ಬೆಕ್ಕು?"
"ಚೆನ್ನಾಗಿದೆ," ಅಂದೆ,
"ಉಳಿದರ್ಧ ನಿಂಬೆ ಎಲ್ಲಿ ಅಂತ ಕೇಳುತ್ತಿತ್ತು."