ಡಿಯರ್ ಅರಸೀಕೆರೆ

ಪಾಸ್‌ಪೋರ್ಟಿನಲ್ಲಿ ಊರೇ ನನ್ನ ಮೊದಲ ಹೆಸರು.
ಅರಸೀಕೆರೆ ರುದ್ರಯ್ಯ ಹಂಸವೇಣಿ ಎಂದು ತುಂಬಿಕೊಟ್ಟವನು
ಬಸ್‌ಸ್ಟ್ಯಾಂಡಿನೆದುರು ಜೆರಾಕ್ಸ್ ಅಂಗಡಿಯ ಹುಡುಗ.
ಹಾಗಾಗಿ ಆ ದೂರದ ಯೂನಿವರ್ಸಿಟಿಯವರು
ಪ್ರತಿ ಪತ್ರವನ್ನೂ ಶುರುಮಾಡುವುದು
ಡಿಯರ್ ಅರಸೀಕೆರೆ, ಎಂದೇ.

ಡಿಯರ್ ಅರಸೀಕೆರೆ, ನಿಮಗೆ ಸೀಟು ಸಿಕ್ಕಿದೆ.
ಓದಿದಾಗ ಇಡೀ ಊರು ಸ್ವೆಟರ್ ತೊಟ್ಟು
ಹೊರಟು ನಿಂತಂತಾಯಿತು:
ಕೊಬ್ಬರಿ ಮೂಟೆ, ಜಂಕ್ಷನ್ನಿನ ಗಡಿಯಾರ,
ಮಾಲೇಕಲ್ಲು ಬೆಟ್ಟ, ಅಷ್ಟೂ ಮೆಟ್ಟಿಲು ಸಮೇತ,
ಒಂದೇ ಕಿಟಕಿ ಸೀಟಿಗೆ ಜಗಳವಾಡುತ್ತ.

ಆಮೇಲೆ ವೀಸಾದ ಎಕ್ಸ್‌ರೇ.
ಬೆಂಗಳೂರಿನ ತಣ್ಣನೆ ಕೋಣೆಯಲ್ಲಿ ಉಸಿರು ಹಿಡಿ ಎಂದರು,
ಹಿಡಿದೆ.
ಬಲಗಡೆ, ಮೇಲೆ, ನಾಲ್ಕಾಣೆಯಷ್ಟು ಮೋಡ.
ಕಫ ಬೇಕೆಂದರು, ಮೂರು ಬೆಳಿಗ್ಗೆ ಕೊಟ್ಟೆ.
ಎಂಟು ವಾರ ಕಾದ ಮೇಲೆ ಬಂದ ಪದವನ್ನು
ಅಮ್ಮ ಇವತ್ತಿಗೂ ಬಾಯಿಗೆ ತರುವುದಿಲ್ಲ.
'ಅದು' ಅನ್ನುತ್ತಾಳೆ,
ಬಾಗಿಲು ಹಾಕಿಕೊಂಡು.

ಬೀದಿಗೆ ವೀಸಾ ತಡ ಎಂದೆವು.
ಯೂನಿವರ್ಸಿಟಿಗೆ ನಿಜ ಹೇಳಬೇಕಿತ್ತು.
ಒಂದು ವರ್ಷ ಮುಂದೂಡಲು ಕಾರಣ ಬರೆಯಿರಿ,
ಇನ್ನೂರು ಅಕ್ಷರ ಮೀರದಂತೆ.
ನನ್ನ ಕಾರಣಕ್ಕೆ ಅಷ್ಟೆಲ್ಲ ಬೇಕಿರಲಿಲ್ಲ,
ಎರಡೇ ಸಾಕಾಯಿತು, ಅವೂ ದೊಡ್ಡಕ್ಷರ.
ಮೂರನೇ ದಿನಕ್ಕೆ ಉತ್ತರ:
ನಿಮ್ಮ ಜಾಗ ಮುಂದಿನ ಸೆಪ್ಟೆಂಬರಿಗೆ ಕಾದಿರುತ್ತದೆ.
ಬೇಗ ಗುಣವಾಗಿ, ಅರಸೀಕೆರೆ.
ಆ ರಾತ್ರಿ ಔಟರಿನಲ್ಲಿ ನಿಂತ ಗೂಡ್ಸ್ ಗಾಡಿ
ಬಹಳ ಹೊತ್ತು ಕೂಗಿಕೊಂಡಿತು.

ಉಳಿದದ್ದು ಹಣದ ಮಾತು.
ಸೀಟಿನ ಮುಂಗಡ ಅಲ್ಲೇ ಇರಲಿ,
ಫೀಸಿನ ಕಂತು, ರೂಮಿನ ಬಾಡಿಗೆ ವಾಪಸು ಕೊಡಿ ಎಂದು ಬರೆದೆ.
ಕಟ್ಟಿದವರ ಖಾತೆಗೇ ಹಿಂದಿರುಗುವುದು ಅಲ್ಲಿನ ಕಾಯಿದೆ.
ಕಟ್ಟಿದ್ದು ಸೋದರಮಾವ, ಕೊಬ್ಬರಿ ಮಂಡಿಯ ಶಿವನಂಜಪ್ಪ.
ದಿನಾ ಖಾಲಿ ಹೊಟ್ಟೆಗೆ ಕೆಂಪು ಮಾತ್ರೆ,
ಉಚ್ಚೆಯೂ ಕಿತ್ತಳೆ ಬಣ್ಣ,
ಆಮೇಲೆ ಫೋನು ತೆರೆದು ನೋಡುವುದು.
ಪರಿಶೀಲನೆಯಲ್ಲಿದೆ. ಪರಿಶೀಲನೆಯಲ್ಲಿದೆ.

ಒಂದು ಮಂಗಳವಾರ ಮಾವ ಕೂಗಿದ:
'ಯಾರೋ ಬಿಳಿಯರು ನಂಗೆ ದುಡ್ಡು ಹಾಕವ್ರೆ ಕಣವ್ವ,
ಮಾಲೂ ಕಳಿಸಿಲ್ಲ, ಬಿಲ್ಲೂ ಬರೆದಿಲ್ಲ!'

ನನಗಿಂತ ಮೊದಲು ವಿದೇಶ ನೋಡಿ ಬಂದ ಹಣ.
ಹೋದಾಗಿನ ಮೈಯಿಲ್ಲ.
ದಾರಿಯ ಬ್ಯಾಂಕುಗಳು ಒಂದೊಂದು ತುತ್ತು ಕಿತ್ತುಕೊಂಡು
ಏಳು ಸಾವಿರದ ಚಿಲ್ಲರೆ ಕಮ್ಮಿ.
ನಾನೂ ಆಗ ನಲವತ್ತೊಂದು ಕೇಜಿ.
ಯಾರನ್ನು ಯಾರು ಅಣಕಿಸುವುದು?

ಸಂಜೆ ಚೆಕ್ ಪುಸ್ತಕ ಹಿಡಿದು ಬಂದ.
ನಾನು ಮಾಸ್ಕ್ ಏರಿಸಿ ಒಳಗೆ ಸರಿದೆ.
ಕಟ್ಟೆಯ ಮೇಲೆ ಬೋರಲು ಹಾಕಿದ ನನ್ನ ಲೋಟ,
ತಳಕ್ಕೆ ಅಮ್ಮ ಇಟ್ಟ ಉಗುರುಬಣ್ಣದ ಚುಕ್ಕೆ.
ಮಾವ ಅದನ್ನೇ ನೋಡಿದ.
ಬಂದಷ್ಟನ್ನೇ, ಪೈಸೆ ಹೆಚ್ಚಿಸದೆ, ಪೈಸೆ ಬಿಡದೆ ಬರೆಯುತ್ತ ಅಂದ:
'ನನ್ ಲೋಟಕ್ಕೆ ದಾರ ಕಟ್ಟಿದ್ರು. ಎಂಬತ್ತೊಂಬತ್ತರಲ್ಲಿ.
ತಿಪಟೂರಿಗೆ ಲೆಕ್ಕ ಬರಿಯಕ್ ಹೋಗವ್ನೆ ಅಂತ ಊರಿಗೆಲ್ಲ ಹೇಳಿ
ನಿಮ್ಮಜ್ಜಿ ಅಟ್ಟದ ಮೇಲೆ ಮಲಗಿಸಿದ್ಲು.
ಗೊತ್ತಾಗಿದ್ ಮದುವೆ ಮುಂದಕ್ಕೆ ಹೋಯ್ತು.'

ಅಮ್ಮನ ಕೈಯ ಸೌಟು ನಿಂತಿತು.
ತಂಗಿಗೂ ಗೊತ್ತಿರಲಿಲ್ಲ.

'ಆಮೇಲೆ?' ಎಂದೆ, ಬಾಗಿಲ ಸಂದಿಯಿಂದ.
'ಆಮೇಲೇನು, ಮುಂದಕ್ಕೆ ಹೋಯ್ತು, ಅಷ್ಟೆ. ಹೆಣ್ಣು ಕಾದ್ಲು.
ನಿಮ್ಮತ್ತೇನ ಕೇಳಬ್ಯಾಡ ಮತ್ತೆ,
ಅವಳ ಲೆಕ್ಕದಲ್ಲಿ ನಾನು ತಿಪಟೂರಲ್ಲೇ ಇದ್ದೆ.'
ಚೆಕ್ಕನ್ನು ಊದಿ ಒಣಗಿಸಿ,
ಚುಕ್ಕೆಯ ಲೋಟ ಎತ್ತಿಕೊಂಡು, ನೀರು ತುಂಬಿಸಿ ಕುಡಿದು,
ಮತ್ತೆ ಬೋರಲು ಹಾಕಿ ಹೋದ.

ರಾತ್ರಿ ನಾನೂ ಒಂದು ಪತ್ರ ಬರೆದೆ.
ಹಣ ತಲುಪಿತು. ತೂಕ ನಲವತ್ಮೂರು.
ಇನ್ನು ಎಂಬತ್ತೆಂಟು ದಿನದ ಮಾತ್ರೆಗಳಿವೆ.
ಕೊನೆಗೆ ಹೆಸರು ಹಾಕುವಲ್ಲಿ ತುಸು ತಡೆದು,
ನಿಜವೇ ಅಲ್ಲವೆ ಅನ್ನಿಸಿ,
ಇತಿ ನಿಮ್ಮ
ಅರಸೀಕೆರೆ.