ಕೂರುವ ಕೆಲಸ

ಏನಮ್ಮ ನಿಮ್ಮ ಕೆಲಸ, ರೇಷನ್ ಕಾರ್ಡಿನ ಹುಡುಗ ಕೇಳಿದ.
ಕೂರೋದು, ಅಂದೆ.
ಅವನು ‘ಗೃಹಿಣಿ’ ಒತ್ತಿದ.

ಶಿವಮೊಗ್ಗದಲ್ಲಿ ಮೂರು ದಿನ ಕ್ಲಾಸು ಮಾಡಿದ್ದರು,
ಫ್ಯಾನಿನಡಿ ಕೂರಿಸಿ, ಕೇಸರಿಬಾತು ಕೊಟ್ಟು.
ಸಾಯುವವರ ಜೊತೆಗಿರುವವಳಿಗೆ ಡೂಲಾ ಅನ್ನುತ್ತಾರಂತೆ.
ನನಗೆ ಡೋಲು ಅಂತ ಕೇಳಿಸಿತು.
ಅದು ಆಮೇಲೆ ಬರುತ್ತದಲ್ಲ ಮೇಡಂ,
ಹೆಣ ಎತ್ತುವಾಗ?
ಇಡೀ ಕ್ಲಾಸು ನಕ್ಕಿತು.
ಮೇಡಂ ನಗಲಿಲ್ಲ, ಬರೆದುಕೊಂಡರು.

ಭದ್ರಾವತಿ, ಪೇಪರ್ ಟೌನು, ಕ್ವಾರ್ಟರ್ಸಿನ ಕೊನೆಯ ಸಾಲು.
ನಾನು ಒಳಗೆ ಕಾಲಿಟ್ಟಾಗ
ಸೊಸೆ ಗಂಜಿಯ ಚಮಚ ಹಿಡಿದು
ಹುಚ್ಚರಾಯಪ್ಪನವರ ಹಲ್ಲಿನ ಜೊತೆ ಗುದ್ದಾಡುತ್ತಿದ್ದಳು.
ತಿನ್ನದಿದ್ರೆ ಸತ್ತುಹೋಗ್ತಾರಲ್ಲ, ಅಂದಳು.
ಇಲ್ಲ ಕಣವ್ವ, ಸಾಯ್ತಿದಾರೆ, ಅದಕ್ಕೇ ತಿಂತಿಲ್ಲ.
ಇಷ್ಟು ಹೇಳುವುದಕ್ಕೆ ನನಗೆ
ಒಂದು ಮಧ್ಯಾಹ್ನ, ಎರಡು ಸೇರು ಅವರೆಕಾಯಿ ಬೇಕಾಯಿತು,
ಇಬ್ಬರೂ ಸುಲಿಯುತ್ತ ಕೂತಿದ್ದೆವು.
ಸಂಜೆ ಬಟ್ಟಲು ಕೆಳಗಿಟ್ಟು
ಖಾಲಿ ಕೈಯಲ್ಲಿ ಮಾವನ ಕೈ ಹಿಡಿದಳು.
ಬಿಸಿ ಐತೆ, ಅಂದಳು, ಏನೋ ಹೊಸದು ಕಂಡವಳಂತೆ.

ಹತ್ತಿ ಅದ್ದಿ ಅವರ ತುಟಿ ಒರೆಸಿದೆ.
‘ಏನೂ ಆಗಲ್ಲ ಬಿಡಿ’ ಅನ್ನುವ ನೆಂಟರನ್ನು
ಟೀ ಕುಡಿದು ಬನ್ನಿ ಅಂತ ಹೊರಗಟ್ಟಿದೆ.

ಮೂರನೆಯ ರಾತ್ರಿ ಕಣ್ಣು ಬಿಟ್ಟರು.
ಸೈರನ್ ಆಯ್ತಾ?
ಮಿಲ್ಲು ಮುಚ್ಚಿ ಎಷ್ಟೋ ಕಾಲ,
ಸೈರನ್ನಿನ ಕಂಬದಲ್ಲಿ ಕಾಗೆ ಸಂಸಾರ.
ಇಲ್ಲ ಅನ್ನಲು ಬಾಯಿ ಬರಲಿಲ್ಲ,
ಆಯ್ತು ಅನ್ನಲು ನಾನ್ಯಾರು?
ನಿಮಗೆ ಕೇಳಿಸ್ತಾ, ಅಂದೆ.
ಬಹಳ ಹೊತ್ತು ಕಿವಿಗೊಟ್ಟರು.
ಆಮೇಲೆ,
ಪಂಪು. ಆರ್ಮುಗಂದು. ವಾಪಸ್ ಕೊಟ್ಟಿಲ್ಲ.

ಸೈಕಲ್ ಪಂಪು ಅಟ್ಟದ ಮೇಲಿತ್ತು, ಗೋಣಿ ಸುತ್ತಿಕೊಂಡು.
ಸ್ಟ್ರೈಕಿನ ವರ್ಷ ಇವರು ಗೇಟಿನ ಒಳಗೆ ಹೋದರಂತೆ,
ಆರ್ಮುಗಂ ಹೊರಗೇ ನಿಂತನಂತೆ.
ನಡುವೆ ಒಂದು ಬೇವಿನ ಮರ, ಒಂದೇ ನಲ್ಲಿ,
ಹತ್ತೊಂಬತ್ತು ವರ್ಷ.

ಒಂದೂವರೆಗೆ ಬಾಗಿಲು ಬಡಿದೆ.
ಅವನು ನನ್ನ ಮುಖ ನೋಡಲಿಲ್ಲ, ಪಂಪು ನೋಡಿದ.
ಗುಂಡಿ ತಪ್ಪಾಗಿ ಹಾಕಿದ ಅಂಗಿಯಲ್ಲೇ ಬಂದು
ಮಂಚದ ಪಕ್ಕ ಕುಕ್ಕರಿಸಿ ಎರಡು ಸಲ ಒತ್ತಿ,
ವಾಷರ್ ಹೋಗಿದೆ, ಅಂದ.

ಕ್ಷಮಿಸು ಅಂತ ಯಾರೂ ಯಾರಿಗೂ ಅನ್ನಲಿಲ್ಲ.
ಹೇಳಿಸಬೇಕೇನೋ ಎಂದು ನನ್ನ ನಾಲಿಗೆ ತುರಿಸಿತು,
ಕ್ಲಾಸಿನಲ್ಲಿ ಹೇಳಿಕೊಟ್ಟ ವಾಕ್ಯಗಳೂ ಇದ್ದವು.
ನುಂಗಿಕೊಂಡು ಬ್ಲೇಡು ಹುಡುಕಿಕೊಟ್ಟೆ.
ಹಳೇ ಚಪ್ಪಲಿಯ ತೊಗಲನ್ನು ಗುಂಡಗೆ ಕೊಯ್ದ,
ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದ,
ಬೀಡಿ ತೆಗೆದು, ಮಂಚ ನೋಡಿ, ಮತ್ತೆ ಜೇಬಿಗಿಟ್ಟ.
ತೊಗಲು ಮೆತ್ತಗಾಗುವ ತನಕ ಕಾದೆವು, ಮೂವರೂ.

ಹುಚ್ಚರಾಯಪ್ಪನವರ ಉಸಿರು ಆಗಲೇ
ದೂರದೂರ ಹೆಜ್ಜೆ ಇಡುತ್ತಿತ್ತು.
ಒಂದು.
ತುಂಬ ಹೊತ್ತಿನ ಮೇಲೆ ಇನ್ನೊಂದು.
ಆ ನಡುವೆ ಆರ್ಮುಗಂ ಹೆಬ್ಬೆರಳಿಂದ ಕೊಳವೆಯ ಬಾಯಿ ಮುಚ್ಚಿ
ಹಿಡಿಯನ್ನು ಒತ್ತಿದ.
ಬೆರಳನ್ನು ತಳ್ಳಿಕೊಂಡು ಗಾಳಿ ಹೊರಬಂತು,
ಉಸ್ಸ್.
ಬಂತು ನೋಡಪ್ಪ, ಅಂದ.
ಮಂಚದಲ್ಲಿ ಒಂದು ಹುಬ್ಬು ಅಲುಗಿತು,
ಅಥವಾ ದೀಪ ಅಲುಗಿತು. ಆಣೆ ಮಾಡಿ ಹೇಳಲಾರೆ.

ಯಾವಾಗ ಹೋದರೆಂದು ಮಗ ಕೇಳಿದ.
ಎಣಿಸುವುದನ್ನು ನಾನು ಬಿಟ್ಟಿದ್ದೆ.
ಒಂದು ಬಿಡುವು ಬಂತು,
ಮುಂದಿನ ಉಸಿರಿಗೆ ಕಾಯುತ್ತಲೇ ಇದ್ದೆವು,
ಕೋಳಿ ಕೂಗಿತು.
ಫೋನಿಗೆ ಕೈ ಹಾಕಿದವನಿಗೆ ಹೇಳಿದೆ,
ಕೂತ್ಕೋ. ಇನ್ನು ಅವಸರ ಇಲ್ಲ.

ಬೆಳಗ್ಗೆ ಸೊಸೆ ಎಷ್ಟು ಕೊಡಲಿ ಅಂದಳು,
ಉತ್ತರಕ್ಕೆ ಕಾಯದೆ ಸುಲಿದ ಅವರೆಕಾಳು ಚೀಲಕ್ಕೆ ಸುರಿದಳು.
ಬಸ್ ಸ್ಟಾಪಿಗೆ ಬಂದಾಗ ಹಿಂದೆ ಡೋಲು ಶುರುವಾಯಿತು.
ನನ್ನ ಪಾಳಿ ಮುಗಿದಿತ್ತು.
ಬೇವಿನ ಬುಡದಲ್ಲಿ ಯಾರದೋ ಪಂಕ್ಚರಾಗದ ಸೈಕಲ್ಲಿಗೆ
ಆರ್ಮುಗಂ ಗಾಳಿ ಹೊಡೆಯುತ್ತಲೇ ಇದ್ದ.